ಇನ್‌ವಾಯ್ಸಿನಲ್ಲಿ ‘ವಾಲ್ವ್ ಸ್ಪೇರ್ಸ್’ ಅಂತಿದ್ರೆ ಎಲ್ಲಾ 8481 90ಕ್ಕ ಹಾಕಬಹುದೇನ್ರಿ?

ಗೋಕುಲರೋಡ್_ಶಾಪ್
ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ನಮ್ಮದೊಂದು ಸಣ್ಣ ಶಾಪ್ ಐತಿ. ಬಾಲ್ ವಾಲ್ವ್, ಚೆಕ್ ವಾಲ್ವ್ ಮಾಡ್ತೇವಿ. ಬಾಡಿ ಕಾಸ್ಟಿಂಗ್ ಇಲ್ಲೇ ಸಿಗತಾವ, ಒಳಗಿನ ಸಾಮಾನು ಅಷ್ಟ ಹೊರಗಿಂದ ತರಿಸ್ತೇವಿ: ಸ್ಟೇನ್‌ಲೆಸ್ ಬಾಲ್, ಸ್ಟೆಮ್, ಪಿಟಿಎಫ್‌ಇ (ಟೆಫ್ಲಾನ್ ಪ್ಲಾಸ್ಟಿಕ್) ಸೀಟ್, ಓ-ರಿಂಗ್ (ರಬ್ಬರಿನ ಉಂಗುರ), ಸ್ಪ್ರಿಂಗ್, ಬೋಲ್ಟು-ನಟ್ಟು. ಈ ಸಲ ಮಾರಾಟಗಾರ ಎಲ್ಲಾ ಸೇರಿಸಿ ಒಂದ ಸಾಲಿನ್ಯಾಗ ‘ವಾಲ್ವ್ ಸ್ಪೇರ್ಸ್’ ಅಂತ ಬರದಾನ. ನಮ್ಮ ಕಸ್ಟಮ್ಸ್ ಬ್ರೋಕರ್ ಪೂರ್ತಿ 8481 90 90ಕ್ಕ, ಅಂದ್ರ ಸುಂಕದ ಪಟ್ಟಿಯೊಳಗ ವಾಲ್ವಿನ ಪಾರ್ಟ್ಸ್ ಕೋಡಿಗೆ, ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ) ಹಾಕ್ಯಾರ. ಈಗ ಕಸ್ಟಮ್ಸಿಂದ ಕ್ವೆರಿ ಬಂದೈತಿ: ಪ್ರತಿ ಐಟಂ ಬೇರೆ ಬೇರೆ ತೋರಸ್ರಿ, ಡ್ರಾಯಿಂಗ್ ಕೊಡ್ರಿ, 7318 (ಉಕ್ಕಿನ ಬೋಲ್ಟು-ನಟ್ಟು) ಮತ್ತ 4016 (ರಬ್ಬರ್ ಸಾಮಾನು) ಯಾಕ ಆಗಂಗಿಲ್ಲ ಹೇಳ್ರಿ ಅಂತ. ಸರಕು ಬೆಂಗಳೂರು ವೈಟ್‌ಫೀಲ್ಡಿನ ಐಸಿಡಿಯೊಳಗ (ಕಂಟೇನರ್ ಡಿಪೋ) ಕುಂತೈತಿ. ದಿನಾ ಬಾಡಿಗಿ ಏರಾಕತ್ತೈತಿ. ವಾಲ್ವಿಗೆ ಹಾಕೋ ಸಾಮಾನು ವಾಲ್ವಿನ ಪಾರ್ಟ್ ಅಲ್ದ ಮತ್ತೇನ್ರಿ?

ಎಸ್‌ಜೆಪಿ_ನಲ್ಲಿ_ಅಂಗಡಿ
ನಾವೂ ಬಾತ್‌ರೂಮ್ ಫಿಟ್ಟಿಂಗ್ಸ್ ತರಿಸ್ತೀವಿ, ಇಂಥ ಕ್ವೆರಿ ನಮಗೂ ಬಂದಿದೆ. ಒಂದು ಕಡೆ ಇಲ್ಲದಿದ್ರೆ ಇನ್ನೊಂದು ಕಡೆ, ಸುಂಕ ಹೆಚ್ಚುಕಡಿಮೆ ಅಷ್ಟೇ ಬರುತ್ತಲ್ಲ. ಅವರು ಹೇಳಿದ ಕೋಡಿಗೆ ಒಪ್ಕೊಂಡು ಮಾಲು ಬಿಡಿಸ್ಕೊಳ್ಳಿ, ಬಾಡಿಗೆ ಉಳಿಯುತ್ತೆ.

ವೈಟ್‌ಫೀಲ್ಡ್_ಬ್ರೋಕರ್
ಹೆಚ್ಚುಕಡಿಮೆ ಅಷ್ಟೇ ಅಂತ ಹೇಳೋಕಾಗಲ್ಲ ಸರ್. ಒಂದು ಲಕ್ಷದ ಮಾಲು ತಗೊಳ್ಳಿ. ಮೂಲ ಸುಂಕ ಶೇ 7.5 ಇದ್ದರೆ 7,500 ರೂಪಾಯಿ, ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ 750. ಆಮೇಲೆ 1,08,250ರ ಮೇಲೆ ಶೇ 18 ಐಜಿಎಸ್‌ಟಿ ಹಾಕಿದರೆ 19,485. ಒಟ್ಟು 27,735. ಇದೇ ಮೂಲ ಸುಂಕ ಶೇ 15 ಆದರೆ ಒಟ್ಟು 37,470 ಆಗುತ್ತೆ. ಐಜಿಎಸ್‌ಟಿ ಕ್ರೆಡಿಟ್ ಸಿಗುತ್ತೆ ಅಂತ ಬಿಟ್ಟರೂ ಕೈಯಿಂದ ಹೋಗೋದು ಲಕ್ಷಕ್ಕೆ 8,250 ಜಾಸ್ತಿ. ಉಕ್ಕಿನ ಸ್ಕ್ರೂಗಳ ಮೇಲಿನ ಸುಂಕವನ್ನ 2021ರ ಬಜೆಟ್‌ನಲ್ಲಿ ಶೇ 10ರಿಂದ 15ಕ್ಕೆ ಏರಿಸಿದ್ದು ನೆನಪಿದೆಯಲ್ಲ? ಬೋಲ್ಟು-ನಟ್ಟನ್ನ ‘ವಾಲ್ವ್ ಪಾರ್ಟ್ಸ್’ ಒಳಗೆ ಸೇರಿಸಿ ತಂದರೆ ಅಧಿಕಾರಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಇನ್ನೊಂದು ವಿಷಯ. ಮಾಲು ವೈಟ್‌ಫೀಲ್ಡಲ್ಲಿದ್ರೂ ಕಡತ ನೋಡೋರು ಇಲ್ಲಿಯವರೇ ಆಗಿರಬೇಕು ಅಂತಿಲ್ಲ. ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾಗಿದ್ದೇ 2020ರ ಜೂನ್ 8ಕ್ಕೆ, ಬೆಂಗಳೂರು ಮತ್ತು ಚೆನ್ನೈನಲ್ಲಿ, ಮುಖ್ಯವಾಗಿ 84 ಮತ್ತು 85ನೇ ಅಧ್ಯಾಯದ ಸರಕಿಗೆ. ಈಗ ದೇಶದ ಯಾವುದೋ ಊರಿನ ಅಧಿಕಾರಿ ಪರದೆ ಮೇಲೆ ‘ವಾಲ್ವ್ ಸ್ಪೇರ್ಸ್’ ಅನ್ನೋ ಎರಡು ಪದ ಮಾತ್ರ ನೋಡ್ತಿದ್ದಾರೆ. ನಿಮ್ಮ ಬಾಲ್ ಕೈಗೆತ್ತಿ ನೋಡೋ ಅವಕಾಶ ಅವರಿಗಿಲ್ಲ. ಕ್ವೆರಿ ಹಾಕಿದ್ದರಲ್ಲಿ ತಪ್ಪೇನೂ ಕಾಣಲ್ಲ.

ಗೋಕುಲರೋಡ್_ಶಾಪ್
ಹಂಗಾದ್ರ ಯಾವುದು 8481 90, ಯಾವುದು ಅಲ್ಲ, ಅದನ್ನರ ಬಿಡಿಸಿ ಹೇಳ್ರಿ ಸರ. ಪುಣ್ಯ ಬರತೈತಿ.

ವೈಟ್‌ಫೀಲ್ಡ್_ಬ್ರೋಕರ್
ಮೊದಲು ನೋಡಬೇಕಾದ್ದು 8481ರ ಸಾಲನ್ನಲ್ಲ, 16ನೇ ವಿಭಾಗದ ಟಿಪ್ಪಣಿಗಳನ್ನ. 84 ಮತ್ತು 85ನೇ ಅಧ್ಯಾಯ ಎರಡೂ ಆ ವಿಭಾಗದಲ್ಲೇ ಬರೋದು. ಅದರ 1ನೇ ಟಿಪ್ಪಣಿ ಏನೇನು ಈ ವಿಭಾಗಕ್ಕೆ ಸೇರಲ್ಲ ಅಂತ ಹೇಳುತ್ತೆ. ಎಲ್ಲದಕ್ಕೂ ಬಳಸೋ ಸಾಮಾನ್ಯ ಭಾಗಗಳು, ಅಂದ್ರೆ ಬೋಲ್ಟು, ನಟ್ಟು, ವಾಷರ್, ಸ್ಪ್ರಿಂಗ್, ಪೈಪ್ ಫಿಟ್ಟಿಂಗ್, ಅಲ್ಲೇ ಆಚೆ ಹೋಗ್ತವೆ. ಉಕ್ಕಿನ ಬೋಲ್ಟು-ನಟ್ಟು 7318, ಉಕ್ಕಿನ ಸ್ಪ್ರಿಂಗ್ 7320. ನಿಮ್ಮ ವಾಲ್ವಿಗೇ ಅಂತ ವಿಶೇಷ ಅಳತೆಯಲ್ಲಿ ಮಾಡಿಸಿದ್ರೂ ಬೋಲ್ಟು ಬೋಲ್ಟೇ.

ಅದೇ ಟಿಪ್ಪಣಿ ಮೆತ್ತನೆ ವಲ್ಕನೈಸ್ಡ್ ರಬ್ಬರಿನ ಭಾಗಗಳನ್ನೂ ಹೊರಗಿಟ್ಟಿದೆ. ಓ-ರಿಂಗ್ 4016 93ಕ್ಕೆ ಹೋಗುತ್ತೆ, ಅದರಲ್ಲಿ ವಾದಕ್ಕೆ ಜಾಗ ಇಲ್ಲ.

ಸ್ಟೆಮ್ ನಿಮ್ಮ ವಾಲ್ವಿಗೆ ಬಿಟ್ಟರೆ ಬೇರೆಲ್ಲೂ ಕೂರಲ್ಲ, ಅದು 8481 90. ಬಾಲ್ ಬಗ್ಗೆ ಮಾತ್ರ ನಿಮ್ಮನ್ನೊಂದು ಕೇಳಬೇಕು: ತೂತು ಇರೋದಾ, ಗಟ್ಟಿ ಗುಂಡಾ?

ಗೋಕುಲರೋಡ್_ಶಾಪ್
ಎರಡೂ ಅದಾವ್ರಿ. ಬಾಲ್ ವಾಲ್ವಿನದು ತೂತಿನ್ದು, ಮ್ಯಾಲೆ ಸ್ಟೆಮ್ ಕೂಡಾಕ ಕಚ್ಚು ಕೊರದಿರ್ತಾರ. ಬಾಲ್ ಟೈಪ್ ಚೆಕ್ ವಾಲ್ವಿನದು ಗಟ್ಟಿ ಗುಂಡು, ಪಾಲಿಶ್ ಮಾಡಿದ್ದು. ಸಣ್ಣ ಸೈಜ್.

ಪೀಣ್ಯ_ಮೆಕ್ಯಾನಿಕಲ್
ಆ ಗಟ್ಟಿ ಗುಂಡಿನ ಟಾಲರೆನ್ಸ್ ಎಷ್ಟು? 84ನೇ ಅಧ್ಯಾಯದ ಟಿಪ್ಪಣಿಯಲ್ಲೇ ಅದಕ್ಕೊಂದು ಅಳತೆ ಕೊಟ್ಟಿದ್ದಾರೆ. ಪಾಲಿಶ್ ಮಾಡಿದ ಉಕ್ಕಿನ ಗುಂಡಿನ ಗರಿಷ್ಠ, ಕನಿಷ್ಠ ವ್ಯಾಸ ಹೇಳಿದ ಅಳತೆಗಿಂತ ಶೇ 1 ಅಥವಾ 0.05 ಮಿಲಿಮೀಟರ್, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಆಚೀಚೆ ಆಗದಿದ್ದರೆ ಅದು 8482, ಬೇರಿಂಗ್ ಇರೋ ಮನೆ. ಅಷ್ಟು ನಿಖರ ಇಲ್ಲದಿದ್ರೆ 7326, ಉಕ್ಕಿನ ಇತರೆ ವಸ್ತುಗಳ ಸಾಲು. ನೀವು ಅದನ್ನ ವಾಲ್ವಿಗೆ ಹಾಕ್ತೀರೋ ಬೇರಿಂಗಿಗೆ ಹಾಕ್ತೀರೋ ಅಂತ ಯಾರೂ ಕೇಳಲ್ಲ.

ತೂತಿನ ಬಾಲ್ ಕಥೆ ಬೇರೆ. ಅದನ್ನ ವಾಲ್ವಿಗೆ ಬಿಟ್ಟು ಬೇರೆ ಯಾವುದಕ್ಕೂ ಉಪಯೋಗಿಸೋಕಾಗಲ್ಲ. 8481 90 ಅಂತ ಧೈರ್ಯವಾಗಿ ಹಾಕಬಹುದು.

ಗೋಕುಲರೋಡ್_ಶಾಪ್
ಯಪ್ಪಾ! ಒಂದ ಡಬ್ಬಿಯೊಳಗ ಬಂದ ಎರಡು ಗುಂಡಿಗೆ ಎರಡು ಶೀರ್ಷಿಕೆ. ಪಿಟಿಎಫ್‌ಇ ಸೀಟ್ ಪ್ಲಾಸ್ಟಿಕ್ ಅಂತ 39ಕ್ಕ ಹೊಕ್ಕೈತೇನು ಮತ್ತ?

ವೈಟ್‌ಫೀಲ್ಡ್_ಬ್ರೋಕರ್
ಹೆಚ್ಚು ಜಗಳ ಆಗೋದು ಅಲ್ಲೇ. ರಬ್ಬರಿಗೆ ಇರೋ ಥರ ಪ್ಲಾಸ್ಟಿಕ್ಕಿಗೆ ಒಟ್ಟಾರೆ ನಿಷೇಧ ಇಲ್ಲ. ಟಿಪ್ಪಣಿ ಆಚೆ ಹಾಕೋದು ಪ್ಲಾಸ್ಟಿಕ್ಕಿನ ಸಾಮಾನ್ಯ ಭಾಗಗಳನ್ನ ಮಾತ್ರ: ಪ್ಲಾಸ್ಟಿಕ್ ಬೋಲ್ಟು, ವಾಷರ್ ಅಂಥವು. ಇನ್ನೊಂದು ಕಡೆ, 39ನೇ ಅಧ್ಯಾಯದ ಟಿಪ್ಪಣಿಯೂ 16ನೇ ವಿಭಾಗದ ವಸ್ತು ನಮ್ಮದಲ್ಲ ಅನ್ನುತ್ತೆ. ಬಾಲಿನ ಉರುಟಿಗೆ ತಕ್ಕಂತೆ ಒಳಮೈ ಕೊರೆದ, ಇಂಥ ಮಾಡೆಲ್ಲಿಗೇ ಅಂತ ಡ್ರಾಯಿಂಗ್ ಇರೋ ಸೀಟ್ ಆದ್ರೆ ನಾನು 8481 90 ಅಂತಲೇ ವಾದ ಮಾಡ್ತೀನಿ. ಚಪ್ಪಟೆ ಬಿಲ್ಲೆ, ಮಧ್ಯ ಒಂದು ತೂತು, ಯಾವ ಫ್ಲ್ಯಾಂಜಿಗಾದ್ರೂ ಹಾಕಬಹುದಾದ ವಾಷರ್ ಆದ್ರೆ 3926. ನಿಮ್ಮ ಹತ್ರ ಸೀಟಿನ ಅಡ್ಡಕೊಯ್ತದ ಡ್ರಾಯಿಂಗ್ ಇದೆಯಾ? ಉತ್ತರದಲ್ಲಿ ನಿಮ್ಮ ಕೈ ಹಿಡಿಯೋದು ಅದೊಂದೇ.

ಕುಡ್ಲ_ಬೋಟ್_ಸ್ಪೇರ್ಸ್
ಇಲ್ಲಿ ನನ್ನದೂ ಒಂದು ಪ್ರಶ್ನೆ ಉಂಟು ಮಾರಾಯ್ರೆ. ನಮ್ಮದು ಮೀನುಗಾರಿಕೆ ಬೋಟಿನ ಎಂಜಿನ್ ಸಾಮಾನು. ಇನ್ಲೆಟ್ ವಾಲ್ವ್, ಎಕ್ಸಾಸ್ಟ್ ವಾಲ್ವ್ ಬರ್ತದೆ. ಹೆಸರಲ್ಲೇ ವಾಲ್ವ್ ಉಂಟು, 8481 ಆಗಬೇಕಲ್ವಾ? ಆದ್ರೆ ಬ್ರೋಕರ್ ಬೇರೆ ಎಂತದೋ ಹಾಕ್ತಾರೆ.

ಪೀಣ್ಯ_ಮೆಕ್ಯಾನಿಕಲ್
8409 ಹಾಕಿರ್ತಾರೆ, ಸರಿಯಾಗೇ ಇದೆ. ಅದು ಕಾಂಡ ಇರೋ ಅಣಬೆ ಆಕಾರದ ಒಂದು ತುಂಡು ಅಷ್ಟೇ. ಸಿಲಿಂಡರ್ ಹೆಡ್ಡಲ್ಲಿ ಕೂತು ಕ್ಯಾಮ್ ಒತ್ತಿದಾಗ ತೆರೆಯುತ್ತೆ. ಅದಕ್ಕೆ ತನ್ನದೇ ಬಾಡಿ ಇಲ್ಲ, ಪೈಪಿಗೆ ಸೇರಿಸೋ ಬಾಯಿ ಇಲ್ಲ. ಎಚ್‌ಎಸ್ (ಎಲ್ಲಾ ದೇಶಗಳು ಬಳಸೋ ಸರಕು ಕೋಡಿನ ಪಟ್ಟಿ) ವಿವರಣಾ ಟಿಪ್ಪಣಿ ಹೇಳೋದು ಇದನ್ನೇ: ಯಂತ್ರದೊಳಗೆ ದ್ರವ, ಗಾಳಿಯ ಹರಿವು ನಿಯಂತ್ರಿಸಿದ್ರೂ ತಾನಾಗಿ ಪೂರ್ತಿ ವಾಲ್ವ್ ಆಗದ ಭಾಗಗಳು ಆಯಾ ಯಂತ್ರದ ಭಾಗಗಳು. ಎಂಜಿನ್ನಿನದು 8409, ಏರ್ ಕಂಪ್ರೆಸರಿನ ಸಕ್ಷನ್ ವಾಲ್ವ್ 8414, ಹಾಲು ಕರೆಯೋ ಯಂತ್ರದ ಪಲ್ಸೇಟರ್ 8434.

ಆದ್ರೆ ಅದೇ ಬೋಟಿನ ಕೂಲಿಂಗ್ ಲೈನಿನ ಗೇಟ್ ವಾಲ್ವ್ ಪೂರ್ತಿ ವಾಲ್ವ್. ಬೋಟಿಗೇ ಅಂತ ಮಾಡಿದ್ರೂ 8481. ವಿಮಾನಕ್ಕೆ ಮಾಡಿದ್ರೂ ಅಷ್ಟೇ.

ಕುಡ್ಲ_ಬೋಟ್_ಸ್ಪೇರ್ಸ್
ಹಾಗಾದ್ರೆ ಹೃದಯಕ್ಕೆ ಹಾಕುವ ವಾಲ್ವ್?

ಪೀಣ್ಯ_ಮೆಕ್ಯಾನಿಕಲ್
9021, ಕೃತಕ ಅಂಗಗಳ ಜೊತೆ. ಅದನ್ನ ಬೋಟ್ ಸ್ಪೇರ್ಸ್ ಅಂಗಡಿಯಲ್ಲಿ ಮಾರೋಕೆ ಶುರು ಮಾಡಿದ್ರೆ ಮೊದಲು ತಿಳಿಸಿ.

ತೆರಿಗೆ_ವಕೀಲೆ_ಮೈಸೂರು
ವಾಹನದ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. 2021ರ ಮಾರ್ಚಿನಲ್ಲಿ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೈಲ್ವೆ ಸಿಗ್ನಲ್ಲಿನ ರಿಲೇಗಳನ್ನ 8536ರ (ವಿದ್ಯುತ್ ಉಪಕರಣ) ಬದಲು 8608ಕ್ಕೆ (ರೈಲ್ವೆ ಸಿಗ್ನಲ್ ಉಪಕರಣ) ಸೇರಿಸಿತು. ರೈಲ್ವೆ ಸಿಗ್ನಲ್ಲಿಗೆ ಮಾತ್ರ ಬಳಸುವ ವಸ್ತು ಅನ್ನೋದು ಅಲ್ಲಿ ಮುಖ್ಯವಾಯಿತು. ಅದಾದಮೇಲೆ ‘ಕಾರಿಗೆ ಮಾತ್ರ ಹೋಗೋ ವಾಲ್ವ್ 8708 (ವಾಹನದ ಬಿಡಿಭಾಗ) ಆಗಬೇಕು’ ಅಂತ ನೋಟಿಸುಗಳು ಕಾಣೋಕೆ ಶುರುವಾದವು. ಪರೋಕ್ಷ ತೆರಿಗೆ ಮಂಡಳಿಯೇ 2022ರ ಜನವರಿ 5ರಂದು ವಾಹನದ ಬಿಡಿಭಾಗಗಳ ವರ್ಗೀಕರಣದ ಬಗ್ಗೆ ಸೂಚನೆ ಹೊರಡಿಸಬೇಕಾಯಿತು.

17ನೇ ವಿಭಾಗದ (ವಾಹನಗಳ ವಿಭಾಗ) 2ನೇ ಟಿಪ್ಪಣಿ 8401ರಿಂದ 8479ರವರೆಗಿನ ಯಂತ್ರೋಪಕರಣಗಳನ್ನ, ಜೊತೆಗೆ 8481, 8482ರ ವಸ್ತುಗಳನ್ನ ವಾಹನದ ಭಾಗ ಅಂತ ಪರಿಗಣಿಸಬೇಡಿ ಅಂತ ನೇರವಾಗಿ ಹೇಳಿದೆ. 8481ರ ಹೆಸರೇ ಅಲ್ಲಿ ಇರೋದ್ರಿಂದ ನನ್ನ ಪ್ರಕಾರ ವಾಲ್ವಿನ ಮಟ್ಟಿಗೆ ಗೊಂದಲಕ್ಕೆ ಕಾರಣವೇ ಇಲ್ಲ. ತೀರ್ಪಿನ ಹೆಸರು ನೋಡಿ ಹೆದರಬೇಡಿ, ಯಾವ ವಸ್ತು, ಯಾವ ಟಿಪ್ಪಣಿ ಅಂತ ಓದಿ.

ಎಸ್‌ಜೆಪಿ_ನಲ್ಲಿ_ಅಂಗಡಿ
ಸರಿ, ನನ್ನ ಕೇಸಿಗೆ ಬನ್ನಿ ಸ್ವಲ್ಪ. ಹಿತ್ತಾಳೆಯ ಸಿಂಗಲ್ ಲಿವರ್ ಮಿಕ್ಸರ್ ತರಿಸ್ತೀವಿ. ಪ್ಲಾಸ್ಟಿಕ್ ನಲ್ಲಿನೂ ಬರುತ್ತೆ. ಜೊತೆಗೆ ಕಾರ್ಟ್ರಿಡ್ಜ್ ಬಿಡಿಯಾಗಿ, ಸರ್ವಿಸಿಗೆ. ಮತ್ತೆ ಫ್ಲಶ್ ಟ್ಯಾಂಕ್. ಸಪ್ಲೈಯರ್ ಎಲ್ಲದಕ್ಕೂ 8481 80 ಅಂತ ಹಾಕಿ ಕಳಿಸ್ತಾನೆ. ಕಾರ್ಟ್ರಿಡ್ಜೇ ನೀರು ಬಿಡೋದು, ನಿಲ್ಲಿಸೋದು. ಅದೇ ನಿಜವಾದ ವಾಲ್ವ್ ಅಲ್ವಾ?

ವೈಟ್‌ಫೀಲ್ಡ್_ಬ್ರೋಕರ್
ಮಿಕ್ಸರ್ 8481 80 20, ಕಬ್ಬಿಣೇತರ ಲೋಹದ ನಲ್ಲಿಗಳ ಸಾಲು. ಕಬ್ಬಿಣ, ಉಕ್ಕಿನದು ಆಗಿದ್ರೆ 8481 80 10. ಪ್ಲಾಸ್ಟಿಕ್ ನಲ್ಲಿ ಅಂದ ತಕ್ಷಣ 39ಕ್ಕೆ ಓಡಬೇಡಿ, ಅದೂ 8481ರಲ್ಲೇ, 8481 80 90. ಫ್ಲಶ್ ಟ್ಯಾಂಕ್ ಮಾತ್ರ ಒಳಗೆ ಯಂತ್ರ ಇದ್ರೂ ಇಲ್ಲದಿದ್ರೂ ಯಾವುದರಿಂದ ಮಾಡಿದೆಯೋ ಆ ಅಧ್ಯಾಯಕ್ಕೆ: ಪ್ಲಾಸ್ಟಿಕ್ ಆದ್ರೆ 3922, ಪಿಂಗಾಣಿ ಆದ್ರೆ 6910. ಅದರೊಳಗಿನ ತೇಲುಗುಂಡಿನ ವಾಲ್ವ್ ಬಿಡಿಯಾಗಿ ಬಂದ್ರೆ ಮತ್ತೆ 8481.

ಸಪ್ಲೈಯರ್ ಕೋಡಿನ ಬಗ್ಗೆ: ಮೊದಲ ಆರು ಅಂಕಿ ಎಲ್ಲಾ ದೇಶಕ್ಕೂ ಒಂದೇ ಇರಬೇಕು, ನಿಜ. ಆದ್ರೆ ಅವನು ತನ್ನ ರಫ್ತಿನ ಅನುಕೂಲ ನೋಡಿ ಹಾಕಿರ್ತಾನೆ. 2011ರಿಂದ ಇಲ್ಲಿ ಸ್ವಯಂ ನಿರ್ಧರಣೆ. ಬಿಲ್ ಆಫ್ ಎಂಟ್ರಿಯಲ್ಲಿ ಇರೋ ಕೋಡಿಗೆ ಜವಾಬು ಕೊಡಬೇಕಾದವರು ನೀವು.

ಪೀಣ್ಯ_ಮೆಕ್ಯಾನಿಕಲ್
ಕಾರ್ಟ್ರಿಡ್ಜ್ ಬಗ್ಗೆ ನಾನು 8481 90 ಕಡೆ. ಒಳಗೆ ಎರಡು ಸೆರಾಮಿಕ್ ಬಿಲ್ಲೆ, ಒಂದು ಕದಲಲ್ಲ, ಇನ್ನೊಂದು ಲಿವರಿನ ಜೊತೆ ತಿರುಗುತ್ತೆ. ಬಿಸಿನೀರು, ತಣ್ಣೀರು ಬೆರೆಯೋದು ಅಲ್ಲೇ. ಆದ್ರೆ ಅದನ್ನ ನೇರವಾಗಿ ಪೈಪಿಗೆ ಜೋಡಿಸಿ ನೋಡಿ, ನೀರು ಸುತ್ತಲೂ ಚಿಮ್ಮುತ್ತೆ. ಬಾಡಿಯೊಳಗೆ ಬಿಗಿ ಮಾಡಿದಾಗ ಮಾತ್ರ ಕೆಲಸ.

ಎಸ್‌ಜೆಪಿ_ನಲ್ಲಿ_ಅಂಗಡಿ
ಅದೇ ಮಾತು ಎಷ್ಟೋ ಪೂರ್ತಿ ವಾಲ್ವಿಗೂ ಅನ್ವಯ ಆಗುತ್ತಲ್ಲ? ಫ್ಲ್ಯಾಂಜ್ ಮಧ್ಯೆ ಸಿಕ್ಕಿಸೋ ವೇಫರ್ ವಾಲ್ವ್ ಕೂಡ ಒಬ್ಬಂಟಿಯಾಗಿ ಸೋರುತ್ತೆ.

ಪೀಣ್ಯ_ಮೆಕ್ಯಾನಿಕಲ್
ವೇಫರ್ ವಾಲ್ವಿಗೆ ತನ್ನದೇ ಬಾಡಿ ಇದೆ, ಒತ್ತಡ ತಡೆಯುತ್ತೆ, ಪೈಪ್ ಲೈನಿನ ಮಧ್ಯೆ ನೇರವಾಗಿ ಕೂರುತ್ತೆ. ಕಾರ್ಟ್ರಿಡ್ಜ್ ಇನ್ನೊಂದು ನಲ್ಲಿಯ ಹೊಟ್ಟೆಯೊಳಗೆ ಕೂರುತ್ತೆ. ಆದ್ರೂ ನಿಮ್ಮ ವಾದದಲ್ಲಿ ತೀರಾ ಹುರುಳಿಲ್ಲ ಅನ್ನಲ್ಲ. ಹೈಡ್ರಾಲಿಕ್ ಮ್ಯಾನಿಫೋಲ್ಡಿಗೆ ತಿರುಗಿಸೋ ಕಾರ್ಟ್ರಿಡ್ಜ್ ವಾಲ್ವುಗಳಿವೆ. ಸ್ಪೂಲ್, ಸ್ಲೀವ್, ಸ್ಪ್ರಿಂಗ್ ಎಲ್ಲಾ ಸೇರಿ ಪೂರ್ತಿ ಕೆಲಸ ಮಾಡ್ತವೆ. ಅವನ್ನ ಬರೀ ಪಾರ್ಟ್ ಅಂದ್ರೆ ನಾನೂ ಒಪ್ಪಲ್ಲ.

ತೆರಿಗೆ_ವಕೀಲೆ_ಮೈಸೂರು
ಬಿಡಿ ಸೆರಾಮಿಕ್ ಬಿಲ್ಲೆಗಳನ್ನೂ ತರಿಸ್ತಿದ್ರೆ ಅವು ಎರಡು ಕಡೆಯೂ ಅಲ್ಲ. 84ನೇ ಅಧ್ಯಾಯದ 1ನೇ ಟಿಪ್ಪಣಿ ಯಂತ್ರಗಳ ಸೆರಾಮಿಕ್ ಭಾಗಗಳನ್ನ 69ಕ್ಕೆ ಕಳಿಸುತ್ತೆ. ಕಾರ್ಟ್ರಿಡ್ಜ್ ವಿಷಯ ನಿಮಗೆ ಪ್ರತಿ ಸಲ ಬರೋದಾದ್ರೆ ಮುಂಗಡ ನಿರ್ಣಯ ಕೇಳಿ, ಅಂದ್ರೆ ಮಾಲು ತರಿಸೋ ಮುಂಚೆಯೇ ಯಾವ ಕೋಡ್ ಅಂತ ತೀರ್ಮಾನ. 2021ರ ಜನವರಿಯಿಂದ ದೆಹಲಿ, ಮುಂಬೈಯಲ್ಲಿ ಕಸ್ಟಮ್ಸ್ ಮುಂಗಡ ನಿರ್ಣಯ ಪ್ರಾಧಿಕಾರಗಳಿವೆ. ನಿರ್ಣಯ ಮೂರು ವರ್ಷ ಊರ್ಜಿತ, ಕಾನೂನು ಬದಲಾಗದಿದ್ದರೆ. ಆದ್ರೆ ಅದೇ ಪ್ರಶ್ನೆ ನಿಮ್ಮದೇ ಪ್ರಕರಣದಲ್ಲಿ ಅಧಿಕಾರಿ ಮುಂದೆ ಬಾಕಿ ಇದ್ರೆ ಅರ್ಜಿ ತಗೊಳ್ಳಲ್ಲ. ಹುಬ್ಬಳ್ಳಿಯವರು ಈ ಸರಕಿಗೆ ಈಗ ಆ ದಾರಿ ಹಿಡಿಯೋ ಹಾಗಿಲ್ಲ.

ಪೀಣ್ಯ_ಮೆಕ್ಯಾನಿಕಲ್
ಹೈಡ್ರಾಲಿಕ್ ಮಾತು ಬಂತಲ್ಲ, ಜನ ಪದೇಪದೇ ಎಡವೋ ಜಾಗ ತೋರಿಸ್ತೀನಿ. ಸಿಎನ್‌ಸಿ ಯಂತ್ರದ ಹೈಡ್ರಾಲಿಕ್ ಪವರ್ ಪ್ಯಾಕಿನಲ್ಲಿ ಚೆಕ್ ವಾಲ್ವ್ ಇರುತ್ತೆ, ಪ್ರೆಶರ್ ರಿಲೀಫ್ ವಾಲ್ವ್ ಇರುತ್ತೆ. ಚೆಕ್ ಅಂದ್ರೆ 8481 30, ರಿಲೀಫ್ ಅಂದ್ರೆ 8481 40 ಅಂತ ಹಾಕಿಬಿಡ್ತಾರೆ. ಒತ್ತಡದ ಎಣ್ಣೆ ಅಥವಾ ಗಾಳಿಯ ಮೂಲಕ ಶಕ್ತಿ ಸಾಗಿಸೋ ವ್ಯವಸ್ಥೆಗೆ ಅಂತಲೇ ಮಾಡಿದ ವಾಲ್ವ್ ಯಾವ ಬಗೆಯದಾದ್ರೂ 8481 20. ವಿವರಣಾ ಟಿಪ್ಪಣಿ ಪ್ರಕಾರ ಆ ಉಪಶೀರ್ಷಿಕೆಗೆ ಉಳಿದೆಲ್ಲದರ ಮೇಲೆ ಆದ್ಯತೆ. ನೀರಿನ ಲೈನಿನ ಚೆಕ್ ವಾಲ್ವ್ 30ರಲ್ಲೇ ಇರುತ್ತೆ. ಅಡುಗೆ ಗ್ಯಾಸಿನ ರೆಗ್ಯುಲೇಟರ್ ಒತ್ತಡ ಇಳಿಸೋದು, ಅದು 8481 10.

ವೈ-ಸ್ಟ್ರೇನರನ್ನೂ ವಾಲ್ವಿನ ಪಟ್ಟಿಗೆ ಸೇರಿಸಬೇಡಿ. ಅದು ಸೋಸೋದು, 8421.

ಹ್ಯೂಸ್ಟನ್_ಕನ್ನಡಿಗ
ಇಲ್ಲಿ ತೈಲ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಹುಬ್ಬಳ್ಳಿ ವಾಲ್ವುಗಳನ್ನ ನಾವೂ ನೋಡಿದ್ದೇವೆ, ಹೆಮ್ಮೆ ಆಗುತ್ತೆ. ರಫ್ತು ಮಾಡೋರಿಗೆ ಒಂದು ಮಾತು: ಆರು ಅಂಕಿ ಆದಮೇಲೆ ಅಮೆರಿಕದ ಪಟ್ಟಿ ಭಾರತದ್ದರ ಥರ ಇಲ್ಲ. ಇಲ್ಲಿ 8481 80 ಒಳಗೆ ಮೊದಲು ಕೈಯಿಂದ ತಿರುಗಿಸೋದಾ ಅಲ್ವಾ ಅಂತ ನೋಡ್ತಾರೆ. ಕೈಯಿಂದಾದ್ರೆ ತಾಮ್ರದ್ದಾ, ಕಬ್ಬಿಣ-ಉಕ್ಕಿನದಾ, ಬೇರೆಯದಾ ಅಂತ. ಕೈಯಿಂದ ತಿರುಗಿಸೋ ಉಕ್ಕಿನ ವಾಲ್ವಿಗೆ ಸಾಮಾನ್ಯ ದರ ಶೇ 5.6, ಆಕ್ಚುಯೇಟರ್ (ಕೈ ಬದಲು ವಾಲ್ವ್ ತಿರುಗಿಸೋ ಸಾಧನ) ಇರೋದಕ್ಕೆ ಶೇ 2. ಈಚಿನ ಹೆಚ್ಚುವರಿ ಸುಂಕಗಳು ಇದರ ಮೇಲೆ ಬೇರೆ, ಅವನ್ನ ಇಲ್ಲಿ ಎಳೆಯಲ್ಲ. ಹಾಗಾಗಿ ನಿಮ್ಮ ಇನ್‌ವಾಯ್ಸಿನಲ್ಲಿ ‘ಬಾಲ್ ವಾಲ್ವ್ 2 ಇಂಚು’ ಅಂತ ಮಾತ್ರ ಬರೆದ್ರೆ ನಮ್ಮ ಬ್ರೋಕರ್ ಮತ್ತೆ ನಿಮಗೇ ಇಮೇಲ್ ಮಾಡ್ತಾನೆ. ಬಾಡಿ ಯಾವ ಲೋಹ, ಹ್ಯಾಂಡಲ್ಲೋ ಆಕ್ಚುಯೇಟರೋ, ಎರಡೂ ಬರೆಯಿರಿ.

ಗೋಕುಲರೋಡ್_ಶಾಪ್
ನಮ್ಮ ಮಂದಿ ಕೆಲವರು ಹ್ಯಾಂಡಲ್ ಬಿಚ್ಚಿ ಬೇರೆ ಡಬ್ಬಿಯೊಳಗ ಹಾಕಿ ಕಳಸ್ತಾರ, ಪಾರ್ಟ್ಸ್ ಆಗತೈತಿ ಅಂತ. ನಡೀತೈತೇನ್ರಿ?

ವೈಟ್‌ಫೀಲ್ಡ್_ಬ್ರೋಕರ್
ನಡೆಯಲ್ಲ. ಅರ್ಥೈಸುವ ನಿಯಮಗಳಲ್ಲಿ 2(ಎ) ಅಂತ ಇದೆ. ಅಪೂರ್ಣ ಇದ್ರೂ ಮೂಲ ಸ್ವರೂಪ ಬಂದಿದ್ರೆ ಪೂರ್ತಿ ವಸ್ತು ಅಂತಲೇ ಲೆಕ್ಕ, ಬಿಚ್ಚಿ ತಂದ್ರೂ ಅಷ್ಟೇ. ಬಾಡಿ, ಬಾಲ್, ಸೀಟ್, ಸ್ಟೆಮ್ ಇದ್ದು ಹ್ಯಾಂಡಲ್ ಮಾತ್ರ ಇಲ್ಲ ಅಂದ್ರೆ ಅದು ವಾಲ್ವೇ. ಒರಟು ಕಾಸ್ಟಿಂಗಿಗೂ ಇದೇ ನಿಯಮ ಬರುತ್ತೆ. ವಾಲ್ವ್ ಬಾಡಿ ಆಕಾರ ಮೂಡಿದ್ದು, ಬೇರೆ ಯಾವುದಕ್ಕೂ ಆಗದ ಕಾಸ್ಟಿಂಗ್ ಆದ್ರೆ ಮಷೀನಿಂಗ್ ಆಗದಿದ್ರೂ 8481 90. ಬರೀ ಉಕ್ಕಿನ ಸರಳು ತಂದು ಇಲ್ಲಿ ಕೊರೆಯೋದಾದ್ರೆ 72ನೇ ಅಧ್ಯಾಯ.

ತೆರಿಗೆ_ವಕೀಲೆ_ಮೈಸೂರು
ಈ ಕಾಸ್ಟಿಂಗ್ ವಿಷಯ ರಫ್ತುದಾರರಿಗೆ ಇನ್ನೊಂದು ಕಡೆ ಕುತ್ತು ತರುತ್ತೆ, ಇದನ್ನ ಯಾಕೋ ಯಾರೂ ಮಾತಾಡಲ್ಲ. ಮುಕ್ತ ವ್ಯಾಪಾರ ಒಪ್ಪಂದದಲ್ಲಿ ರಿಯಾಯಿತಿ ಸಿಗಬೇಕಾದ್ರೆ ಸರಕು ಇಲ್ಲೇ ಹುಟ್ಟಿದ್ದು ಅಂತ ತೋರಿಸಬೇಕು. ಕೆಲವು ನಿಯಮಗಳು ನಾಲ್ಕು ಅಂಕಿಯ ಶೀರ್ಷಿಕೆ ಬದಲಾಗಬೇಕು ಅನ್ನುತ್ತವೆ, ಕೆಲವಕ್ಕೆ ಆರು ಅಂಕಿಯ ಉಪಶೀರ್ಷಿಕೆ ಬದಲಾದ್ರೆ ಸಾಕು. ಹೊರದೇಶದ 8481 90 ಭಾಗ ತಂದು ಇಲ್ಲಿ 8481 80 ವಾಲ್ವ್ ಮಾಡಿದ್ರೆ ಆರು ಅಂಕಿ ಬದಲಾಯ್ತು, ನಾಲ್ಕು ಅಂಕಿ 8481ರಲ್ಲೇ ಉಳೀತು. ಎರಡನೇ ಬಗೆಯ ನಿಯಮ ಇದ್ರೆ ಪಾಸು, ಮೊದಲನೆಯದಾದ್ರೆ ಫೇಲು. ಅದೇ ಭಾಗ 72ರ ಸರಳಾಗಿ ಬಂದು ಇಲ್ಲೇ ಕೊರೆದಿದ್ರೆ ಎರಡರಲ್ಲೂ ಪಾಸು. ಆಮದಿನಲ್ಲಿ ಸುಮ್ಮನೆ 8481 90 ಹಾಕಿದ್ದು ರಫ್ತಿನ ದಿನ ಎದುರಿಗೆ ಬಂದು ನಿಲ್ಲುತ್ತೆ. ಯಾವ ಒಪ್ಪಂದದಲ್ಲಿ ಯಾವ ನಿಯಮ ಅಂತ ಅನುಬಂಧ ತೆಗೆದು ನೋಡಿಯೇ ಬೆಲೆ ಹೇಳಿ. ರಿಯಾಯಿತಿ ದರದಲ್ಲಿ ಆಮದು ಮಾಡೋರಿಗೂ 2020ರ ಸೆಪ್ಟೆಂಬರ್ 21ರಿಂದ ಮೂಲದ ಮಾಹಿತಿ ತಮ್ಮ ಬಳಿ ಇಟ್ಟುಕೊಳ್ಳೋ ಹೊಣೆ ಇದೆ, ಪ್ರಮಾಣಪತ್ರ ಒಂದೇ ಸಾಲಲ್ಲ.

ಕುಡ್ಲ_ಬೋಟ್_ಸ್ಪೇರ್ಸ್
ಹಳೇ ಬಿಲ್ಲುಗಳನ್ನೂ ಕೆದಕ್ತಾರಾ ಮೇಡಂ?

ತೆರಿಗೆ_ವಕೀಲೆ_ಮೈಸೂರು
ಕಸ್ಟಮ್ಸ್ ಕಾಯ್ದೆಯ 28ನೇ ಕಲಮಿನಡಿ ಸಾಮಾನ್ಯವಾಗಿ ಎರಡು ವರ್ಷ. ಬೇಕಂತಲೇ ಸುಳ್ಳು ಹೇಳಿದ್ರು, ಮುಚ್ಚಿಟ್ರು ಅಂತ ಆರೋಪ ಬಂದ್ರೆ ಐದು ವರ್ಷ. ಆಗ ಇನ್‌ವಾಯ್ಸಿನ ವಿವರಣೆ ಮುಖ್ಯ ಆಗುತ್ತೆ. ‘ಎಂ12 ಉಕ್ಕಿನ ಬೋಲ್ಟ್’ ಅಂತ ಸ್ಪಷ್ಟವಾಗಿ ಬರೆದು 8481 90 ಹಾಕಿದ್ದೀರಿ ಅಂದ್ರೆ ಮುಚ್ಚಿಟ್ಟಿದ್ದೇನೂ ಇಲ್ಲ, ವರ್ಗೀಕರಣದ ಭಿನ್ನಾಭಿಪ್ರಾಯ ಅಂತ ವಾದಿಸಬಹುದು. ‘ವಾಲ್ವ್ ಸ್ಪೇರ್ಸ್’ ಅಂತ ಬರೆದು ಒಳಗೆ ಬೋಲ್ಟು ಇಟ್ಟಿದ್ರೆ ಆ ವಾದ ಕುಂಟುತ್ತೆ.

ನಲ್ಲಿ ಅಂಗಡಿಯವರು ಮೊದಲಿಗೇ ‘ಒಪ್ಕೊಂಡು ಬಿಡಿಸ್ಕೊಳ್ಳಿ’ ಅಂದ್ರಲ್ಲ, ಅದಕ್ಕೆ ನನ್ನ ವಿರೋಧ ಇದೆ. ಬರಹದಲ್ಲಿ ಒಪ್ಪಿಕೊಂಡ್ರೆ ಅಧಿಕಾರಿ ಕಾರಣ ಬರೆದು ಆದೇಶ ಕೊಡಬೇಕಾಗಿಲ್ಲ. ಒಪ್ಪದಿದ್ರೆ ಮರುನಿರ್ಧರಣೆ ಆದ 15 ದಿನದೊಳಗೆ ಕಾರಣಸಹಿತ ಆದೇಶ ಕೊಡಬೇಕು, ಅದರ ಮೇಲೆ 60 ದಿನದೊಳಗೆ ಮೇಲ್ಮನವಿ. ನಿರ್ಧರಣೆಯನ್ನ ಪ್ರಶ್ನಿಸದೆ ಆಮೇಲೆ ಮರುಪಾವತಿ ಮಾತ್ರ ಕೇಳಿದ್ರೆ ಸಿಗಲ್ಲ, ಐಟಿಸಿ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿಯಾಗಿದೆ. ಬೋಲ್ಟಿಗೆ, ಓ-ರಿಂಗಿಗೆ ಒಪ್ಪಿ. ಸೀಟಿಗೆ ಒಪ್ಪಬೇಡಿ.

ಗೋಕುಲರೋಡ್_ಶಾಪ್
ತಿಳೀತ್ರಿ ಮೇಡಂ. ಹಿಂಗ ಉತ್ತರ ಕೊಡಾಕ ಹೇಳೇನಿ ಬ್ರೋಕರ್‌ಗೆ: ತೂತಿನ ಬಾಲ್, ಸ್ಟೆಮ್, ಪಿಟಿಎಫ್‌ಇ ಸೀಟ್ 8481 90 90, ಮೂರಕ್ಕೂ ಡ್ರಾಯಿಂಗ್ ಹಚ್ಚಿ. ಬೋಲ್ಟು-ನಟ್ಟು 7318, ಸ್ಪ್ರಿಂಗ್ 7320, ಓ-ರಿಂಗ್ 4016 93. ಗಟ್ಟಿ ಗುಂಡಿಂದು ಟೆಸ್ಟ್ ಸರ್ಟಿಫಿಕೇಟ್ ತರಿಸಿ ನೋಡಿದ್ರ ಟಾಲರೆನ್ಸ್ ಭಾಳ ಬಿಗಿ ಐತಿ, 8482. ಬೆಲಿ ಐಟಂವಾರು ಹಂಚಿ ಕೊಡು ಅಂತ ಮಾರಾಟಗಾರಗೂ ಬರದೇನಿ. ಬಿಲ್ ತಿದ್ದಾಕ ಅರ್ಜಿ ಬೇರೆ ಬೇಕೇನ್ರಿ?

ವೈಟ್‌ಫೀಲ್ಡ್_ಬ್ರೋಕರ್
ಕ್ವೆರಿ ಇನ್ನೂ ತೆರೆದಿದೆ ಅಂದ್ರೆ ಉತ್ತರದ ಜೊತೆಯಲ್ಲೇ ಸಾಲು ಬೇರೆ ಮಾಡೋಕೆ ಕೇಳಿಕೊಳ್ಳಿ. ಮಾಲು ಹೊರಗೆ ಬಂದಮೇಲೆ ಆದ್ರೆ 149ನೇ ಕಲಮಿನ ತಿದ್ದುಪಡಿ, ಆಗ ಸರಕು ಬಿಡುವಾಗ ಇದ್ದ ದಾಖಲೆ ಮಾತ್ರ ಲೆಕ್ಕಕ್ಕೆ. ಇವತ್ತೇ ಹಾಕಿಸಿ. ಪ್ಯಾಕಿಂಗ್ ಲಿಸ್ಟಿನ ತೂಕಕ್ಕೂ ಹೊಸ ಸಾಲುಗಳಿಗೂ ತಾಳೆ ಆಗ್ಲಿ, ಇಲ್ಲದಿದ್ರೆ ಡಬ್ಬಿ ತೆಗೆಸಿ ನೋಡ್ತಾರೆ, ಇನ್ನೆರಡು ದಿನ ಹೋಗುತ್ತೆ.

ಗೋಕುಲರೋಡ್_ಶಾಪ್
ಹಾಕಸ್ತೇನ್ರಿ. ಗ್ರಾಫೈಟ್ ಪ್ಯಾಕಿಂಗ್ ಮುಂದಿನ ಕಂಟೇನರಿನ್ಯಾಗ ಬರೋದೈತಿ, ಅದಕ್ಕ ಬ್ಯಾರೆ ಎಳಿ ಹಚ್ಚತೇನಿ.